ಹೂಂಗುಟ್ಟುವ ತಂತಿ

ಹೂಂಗುಟ್ಟುವುದರಲ್ಲಿ ನನ್ನನ್ನು ಮೀರಿಸಿದವರನ್ನು ನಾನಿನ್ನೂ ಕಂಡಿಲ್ಲ. ಇದು ಜಂಬವಲ್ಲ, ತಪ್ಪೊಪ್ಪಿಗೆ. ಎದುರಿಗಿದ್ದವರು ಮಾತಾಡುತ್ತಿರುವಾಗ ನಾನು ಪೇಪರ್ ಓದುತ್ತಲೋ, ಗಡ್ಡ ಹೆರೆಯುತ್ತಲೋ, ಸುಮ್ಮನೆ ಗೋಡೆಯ ಮೇಲಿನ ಹಲ್ಲಿಯನ್ನು ನೋಡುತ್ತಲೋ ಇದ್ದರೂ, ಅವರು ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಸರಿಯಾಗಿ ಒಂದು 'ಹೂಂ' ನನ್ನ ಮೂಗಿನಿಂದ ಹೊರಡುತ್ತದೆ. ದುಃಖದ ಸುದ್ದಿಗೆ ಸ್ವಲ್ಪ ಎಳೆದು, ಖರ್ಚಿನ ಸುದ್ದಿಗೆ ಸ್ವಲ್ಪ ಮೊಟಕಾಗಿ. ಹೇಳುವವರಿಗೆ ಸಮಾಧಾನ, ನನಗೆ ಬಿಡುವು.

ಈ ವಿದ್ಯೆಯನ್ನು ಮೊದಲು ಕಂಡುಹಿಡಿದವಳು ನನ್ನ ಹೆಂಡತಿ ಸರೋಜ. ಮದುವೆಯಾದ ವರ್ಷವೇ ಒಂದು ಬೆಳಿಗ್ಗೆ ಅವಳು ಅಡುಗೆಮನೆಯಿಂದ, "ರೀ, ಪಕ್ಕದ್ಮನೆ ಎಮ್ಮೆ ಒಳಗೆ ಬಂದು ಮಣೆ ಮೇಲೆ ಕೂತಿದೆ" ಎಂದಳು. ನಾನು ಹೂಂ ಎಂದೆ. "ಕಾಫಿ ಕೇಳ್ತಿದೆ, ಕೊಡ್ಲಾ?" ಎಂದಳು. "ಹೂಂ, ಕೊಡು, ಪಾಪ" ಎಂದೆ. ಆ 'ಪಾಪ'ವನ್ನು ಅವಳು ಇವತ್ತಿಗೂ ಮರೆತಿಲ್ಲ. ನಮ್ಮ ಮನೆಗೆ ಬಂದ ನೆಂಟರೆಲ್ಲ ಆ ಎಮ್ಮೆಯ ಕಥೆ ಕೇಳಿಕೊಂಡೇ ಹೋಗುತ್ತಾರೆ.

ಆದರೆ ಹೂಂಗುಟ್ಟುವುದು ನಾನು ಹುಟ್ಟಿದ ಕಡೆ ಹಗುರಾದ ಕೆಲಸವಾಗಿರಲಿಲ್ಲ. ನಮ್ಮದು ಗದಗಿನ ಹತ್ತಿರದ ಊರು. ನಮ್ಮ ನಿಂಗಪ್ಪ ಕಾಕಾ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು, ನೇಯುತ್ತ ನೇಯುತ್ತ ಕಥೆ ಹೇಳುತ್ತಿದ್ದ. ಶುರು ಮಾಡುವ ಮೊದಲು ಸುತ್ತ ಕೂತ ನಮ್ಮನ್ನೆಲ್ಲ ನೋಡಿ, "ಹೂಂ ಅನ್ನಾಂವ ಯಾರಲೇ?" ಎಂದು ಕೇಳುವನು. ಒಬ್ಬನನ್ನು ಆ ಕೆಲಸಕ್ಕೆ ನೇಮಿಸಿಯೇ ಕಥೆ ಮುಂದೆ ಸಾಗಬೇಕು. ಕಾಕಾನ ಕಣ್ಣು ನೂಲಿನ ಮೇಲೆ ಇರುತ್ತಿತ್ತು, ನಮ್ಮ ಮೇಲಲ್ಲ. ಎದುರಿಗಿದ್ದವರು ಕೇಳುತ್ತಿದ್ದಾರೋ ಮಲಗಿದ್ದಾರೋ ಎಂದು ಅವನಿಗೆ ತಿಳಿಯುವ ದಾರಿ ಆ ಹೂಂ ಒಂದೇ. ಅದು ನಿಂತರೆ ಲಾಳಿಯೂ ನಿಲ್ಲುತ್ತಿತ್ತು, ಕಥೆಯೂ ನಿಲ್ಲುತ್ತಿತ್ತು.

ಅವನಿಗೆ ನಮ್ಮ ಮೇಲೆ ನಂಬಿಕೆ ಕಡಿಮೆ. ನಡುವೆ ಇದ್ದಕ್ಕಿದ್ದಂತೆ, "ಮುಂದ ಆ ರಾಜಾ ಏನ್ ಮಾಡಿದಾ, ಒಂದ ತತ್ತಿ ಇಟ್ಟಾ" ಎನ್ನುವನು. ರಾಜ ಮೊಟ್ಟೆಯಿಟ್ಟ ಎಂಬ ಮಾತಿಗೂ ಹೂಂ ಎಂದವನ ತಲೆಗೆ ಒಂದು ಮೊಟಕು ಬೀಳುತ್ತಿತ್ತು. ಆ ಮೊಟಕುಗಳಲ್ಲಿ ಹೆಚ್ಚಿನವು ನನ್ನವೇ. ಪುರಾಣಗಳಲ್ಲಿ ಕೂಡ ನೋಡಿ, ಒಬ್ಬ ಕೇಳುವವನು ಎದುರಿಗೆ ಕೂತು "ಆಮೇಲೇನಾಯಿತು?" ಎಂದು ಕೇಳದೆ ಹೇಳುವವನು ಬಾಯಿ ತೆರೆಯುವುದಿಲ್ಲ. ನಮ್ಮ ಹಿರಿಯರು ಹೇಳುವವನಿಗಿಂತ ಕೇಳುವವನಿಗೇ ಮೊದಲು ಮಣೆ ಹಾಕಿದ್ದರು. ಇದೆಲ್ಲ ಗೊತ್ತಿದ್ದೂ ನಾನು ಮಾಡಿದ್ದನ್ನು ಈಗ ಹೇಳುತ್ತೇನೆ. ಇದರಲ್ಲಿ ಎಮ್ಮೆ ಇಲ್ಲ, ನಗುವುದಕ್ಕೂ ಹೆಚ್ಚೇನಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಡಿಪ್ಲೊಮಾ ಹಿಡಿದುಕೊಂಡು ಬೆಂಗಳೂರಿಗೆ ಬಂದು, ಟಿ. ದಾಸರಹಳ್ಳಿಯಲ್ಲಿ ಶೀಟಿನ ಮನೆಯೊಂದನ್ನು ಬಾಡಿಗೆಗೆ ಹಿಡಿದು, ಪೀಣ್ಯದ ಒಂದು ಸಣ್ಣ ಶೆಡ್ಡಿನಲ್ಲಿ ಕೆಲಸಕ್ಕೆ ಸೇರಿದ್ದೆ. ಆರು ಜನರ ಕಂಪನಿ. ಅಲ್ಲಿ ತಯಾರಾಗುತ್ತಿದ್ದದ್ದು ಒಂದೇ ಬೋರ್ಡಿನ ಕಂಪ್ಯೂಟರು. ಕಂಪ್ಯೂಟರೆಂದರೆ ಇವತ್ತು ಬ್ಯಾಂಕುಗಳಲ್ಲಿ ಕಾಣುವಂಥ ಟಿವಿ ಮೂತಿಯದಲ್ಲ. ಊಟದ ತಟ್ಟೆಯಷ್ಟಗಲದ ಹಸಿರು ಹಲಗೆ, ಅದರ ಮೇಲೆ ಕಪ್ಪು ಜಿರಳೆಗಳ ಹಾಗೆ ಕೂತ ಚಿಪ್ಪುಗಳು, ಕೆಳಗೆ ಕೆಲವು ಒತ್ತುಗುಂಡಿ, ಮೇಲೆ ಕೆಂಪಗೆ ಉರಿಯುವ ಆರು ಅಂಕಿ. ಅದಕ್ಕೆ ಲೆಕ್ಕ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ಮೂಲೆಯಲ್ಲಿ ಒಂದು ಖಾಲಿ ಜಾಗ ಬಿಟ್ಟಿದ್ದರು, ಮುಂದೆಂದಾದರೂ ಸೀರಿಯಲ್ ಪೋರ್ಟಿನ ಚಿಪ್ಪು ಕೂರಿಸಲೆಂದು. ಬೇರೊಂದು ಯಂತ್ರದ ಜೊತೆ ಮಾತಾಡಲು ಬೇಕಾದ ಬಾಯಿ ಅದು.

ಸೀರಿಯಲ್ ಎಂದರೆ ಒಂದರ ಹಿಂದೆ ಒಂದು. ಒಂದು ಅಕ್ಷರವನ್ನು ಎಂಟು ಚೂರು ಮಾಡಿ, ಒಂದೇ ತಂತಿಯೊಳಗೆ, ರೇಷನ್ ಅಂಗಡಿಯ ಕ್ಯೂನಂತೆ ಒಂದೊಂದಾಗಿ ಬಿಡುವುದು. ಆ ಕಡೆಯವರು ಅದೇ ವೇಗದಲ್ಲಿ ಹಿಡಿದು ಮತ್ತೆ ಜೋಡಿಸಿಕೊಳ್ಳಬೇಕು. ಚಿಪ್ಪು ಕೂರಿಸಿದ ಮಾತ್ರಕ್ಕೆ ಇದು ನಡೆಯುವುದಿಲ್ಲ. ಯಾವಾಗ ಕಳಿಸಬೇಕು, ಎಷ್ಟು ಬೇಗ, ಯಾವಾಗ ತಡೆಯಬೇಕು ಎಂದು ಬೋರ್ಡಿಗೆ ಹೇಳಿಕೊಡುವ ಸಣ್ಣ ಪ್ರೋಗ್ರಾಮು ಬೇಕು. ಅದಕ್ಕೆ ಡ್ರೈವರ್ ಎನ್ನುತ್ತಾರೆ. ಅದನ್ನು ಬರೆಯುವ ಕೆಲಸ ನನ್ನ ಪಾಲಿಗೆ ಬಂತು.

ಬರೆಯುವುದೆಂದರೆ ನಿಜವಾಗಿಯೂ ಬರೆಯುವುದೇ. ಗೆರೆ ಹಾಕಿದ ನೋಟ್‌ಬುಕ್ಕಿನಲ್ಲಿ ಪೆನ್ಸಿಲ್ ಹಿಡಿದು ಬರೆದು, ಒಂದೊಂದು ಸಾಲನ್ನೂ ಕೈಯಲ್ಲೇ ಅಂಕಿಗೆ ಬದಲಾಯಿಸಿ, ಆ ಅಂಕಿಗಳನ್ನು ಗಾಜಿನ ಕಿಟಕಿಯಿರುವ ಒಂದು ಚಿಪ್ಪಿಗೆ ತುಂಬಬೇಕು. ತಪ್ಪಿದರೆ ಚಿಪ್ಪನ್ನು ನೇರಳೆ ದೀಪದ ಪೆಟ್ಟಿಗೆಯಲ್ಲಿ ಇಪ್ಪತ್ತು ನಿಮಿಷ ಮಲಗಿಸಿ ಅಳಿಸಬೇಕು. ಮೊದಲ ಎರಡು ವಾರ ನನ್ನ ಬೋರ್ಡು ತುಟಿಪಿಟಕ್ಕೆನ್ನಲಿಲ್ಲ. ಪ್ರೋಗ್ರಾಮನ್ನು ಹದಿನಾಲ್ಕು ಸಲ ತಿದ್ದಿದೆ. ಕೊನೆಗೆ ನೋಡಿದರೆ ಪ್ರೋಗ್ರಾಮು ಸರಿಯಾಗಿಯೇ ಇತ್ತು, ನಾನು ಬೋರ್ಡಿನ ಬಾಯಿಯ ತಂತಿಯನ್ನು ಪರೀಕ್ಷೆಗಿಟ್ಟ ಇನ್ನೊಂದು ಯಂತ್ರದ ಬಾಯಿಗೂ, ಇದರ ಕಿವಿಯದನ್ನು ಅದರ ಕಿವಿಗೂ ಕಟ್ಟಿ ಕೂತಿದ್ದೆ. ನಮ್ಮ ಹಿರಿಯ ಟೆಕ್ನಿಷಿಯನ್ ಸೆಲ್ವರಾಜ್ ಅದನ್ನು ನೋಡಿ, "ಏನ್ ಗುರು, ಎರಡೂ ಮಾತಾಡ್ತಾವೆ, ಯಾವ್ದೂ ಕೇಳ್ತಿಲ್ಲ. ಮನೆ ಸಂಸಾರದ ಥರಾನೇ ಮಾಡಿದ್ಯಲ್ಲ!" ಎಂದು ಹೊಟ್ಟೆ ಹಿಡಿದು ನಕ್ಕ.

ಈ ಡ್ರೈವರಿಗಾಗಿ ಕಾದಿದ್ದ ಗಿರಾಕಿ ತುಮಕೂರು ರಸ್ತೆಯ ಮೇಲೇ ಇದ್ದ ಒಂದು ಶಾಖ ಸಂಸ್ಕಾರದ ಕಾರ್ಖಾನೆ. ಲಾರಿಯ ಗೇರು ಚಕ್ರಗಳನ್ನು ಫರ್ನೇಸಿನಲ್ಲಿ ಕಾಯಿಸಿ, ಎಣ್ಣೆಯಲ್ಲಿ ಅದ್ದಿ ಗಟ್ಟಿ ಮಾಡುವ ಜಾಗ. ನಮ್ಮ ಬೋರ್ಡು ಫರ್ನೇಸಿನ ಶಾಖ ಅಳೆದು, ಐದೈದು ನಿಮಿಷಕ್ಕೊಮ್ಮೆ ಸೂಪರ್‌ವೈಸರ್ ಕ್ಯಾಬಿನ್ನಿನ ಪ್ರಿಂಟರಿಗೆ ಒಂದು ಸಾಲು ಕಳಿಸಬೇಕು. ಶಾಖ ಮಿತಿ ಮೀರಿದರೆ ಎಚ್ಚರಿಕೆಯ ಸಾಲು ಕಳಿಸಿ ಪ್ರಿಂಟರಿನ ಬಜರ್ ಬಾರಿಸಬೇಕು. ಅದುವರೆಗೆ ಈ ಕೆಲಸವನ್ನೆಲ್ಲ ಮಾಡುತ್ತಿದ್ದವನು ಮುನಿಯಪ್ಪ.

ಮುನಿಯಪ್ಪ ಚಿಕ್ಕಬಾಣಾವರದವನು. ನಲವತ್ತೈದು ದಾಟಿದ ಆಳು, ಮುಖದ ಒಂದು ಪಕ್ಕ ಬೆಂಕಿಗೆ ಕಾದು ಕಾದು ಇನ್ನೊಂದು ಪಕ್ಕಕ್ಕಿಂತ ಕಪ್ಪಗಾಗಿತ್ತು. ಫರ್ನೇಸಿನ ಬಾಗಿಲಿನ ಸಣ್ಣ ಕಿಂಡಿಗೆ ಕಣ್ಣಿಟ್ಟು, ಒಳಗಿನ ಕಬ್ಬಿಣದ ಬಣ್ಣ ನೋಡಿಯೇ ಶಾಖ ಹೇಳುತ್ತಿದ್ದ. ಅವನ ಮನೆಯಲ್ಲಿ ಹೂವಿನ ಬೆಳೆ. ಹಾಗಾಗಿ ಬಣ್ಣಗಳಿಗೆ ಅವನು ಇಟ್ಟುಕೊಂಡ ಹೆಸರುಗಳೂ ಹೂವಿನವೇ. "ಮೊದ್ಲು ದಾಸವಾಳ ಬತ್ತದೆ ಸಾಮಿ. ದಾಸವಾಳ ಓಗಿ ಕನಕಾಂಬ್ರ ಇನ್ನೂ ಬರ್ಬೇಕು ಅನ್ನೋವಾಗ ತೆಗ್ದು ಎಣ್ಣೆಗ್ ಆಕ್ಬೇಕು. ಸೇವಂತ್ಗೆ ಬಂತು ಅಂದ್ರೆ ಕೆಟ್ಟೋಯ್ತು" ಎಂದು ನನಗೆ ಹೇಳಿಕೊಟ್ಟ. ನಾನು ನಂಬದೆ ನನ್ನ ಬೋರ್ಡಿನ ಅಂಕಿಯ ಜೊತೆ ತಾಳೆ ನೋಡಿದೆ. ಅವನ ಕನಕಾಂಬರಕ್ಕೂ ನನ್ನ ಅಂಕಿಗೂ ಹತ್ತು ಡಿಗ್ರಿಯಷ್ಟೂ ವ್ಯತ್ಯಾಸವಿರಲಿಲ್ಲ. ನನಗೆ ಒಳಗೊಳಗೇ ಸ್ವಲ್ಪ ಅವಮಾನವಾಯಿತು.

ಜೋಡಿಸುವ ದಿನ ಒಂದು ತೊಡಕು ಬಂತು. ಬೋರ್ಡು ಒಂದು ಸಾಲು ಕಳಿಸುವ ಮೊದಲು ತನ್ನ ಪ್ಲಗ್ಗಿನ ನಾಲ್ಕನೆಯ ಕಾಲಿನಿಂದ, ಎಂದರೆ ಪಿನ್ನಿನಿಂದ, "ಹೇಳಲೇ?" ಎಂದು ಕೇಳುತ್ತದೆ. ಪ್ರಿಂಟರು ಹೂಂ ಎಂದರೆ ಆ ಹೂಂ ಐದನೆಯ ಕಾಲಿಗೆ ಬರಬೇಕು. ಪ್ರಿಂಟರು ಆಫ್ ಆಗಿದ್ದರೆ ಹೂಂ ಬರುವುದಿಲ್ಲ, ಬೋರ್ಡು ಕಾಯುತ್ತದೆ. ಹೂಂ ಬರದೆ ಬಹಳ ಹೊತ್ತಾದರೆ ಫರ್ನೇಸಿನ ಪಕ್ಕದಲ್ಲೇ ಕೆಂಪು ದೀಪ ಹತ್ತಿಸುವಂತೆ ನಾನು ಬರೆದಿದ್ದೆ. ನಿಂಗಪ್ಪ ಕಾಕಾನೂ ಒಪ್ಪುವಂಥ ಏರ್ಪಾಡು. ಆದರೆ ಅಲ್ಲಿನ ಎಲೆಕ್ಟ್ರಿಷಿಯನ್ ನಮ್ಮನ್ನು ಕೇಳದೆ, ಫರ್ನೇಸಿನಿಂದ ಕ್ಯಾಬಿನ್ನಿಗೆ ಗೋಡೆಯೊಳಗೆ ಮೂರೇ ತಂತಿ ಎಳೆದು ಮೇಲೆ ಗಾರೆ ಮೆತ್ತಿಬಿಟ್ಟಿದ್ದ. ಹೋಗುವ ಅಕ್ಷರಕ್ಕೊಂದು, ಬರುವ ಅಕ್ಷರಕ್ಕೊಂದು, ಅರ್ತಿಂಗಿಗೊಂದು. ಹೂಂ ಬರಲು ದಾರಿಯಿಲ್ಲ. ಬೋರ್ಡು "ಹೇಳಲೇ, ಹೇಳಲೇ" ಎಂದು ಕಾಯುತ್ತ ಕೂತಿತು, ಕೆಂಪು ದೀಪ ಹತ್ತಿ ನಿಂತಿತು. ಮಧ್ಯಾಹ್ನ ಕಾರ್ಖಾನೆಯ ಯಜಮಾನರು ನೋಡಲು ಬರುವವರಿದ್ದರು.

"ಅದಕ್ಯಾಕ್ ತಲೆ ಕೆಡಿಸ್ಕೊಂತೀಯಾ ಮಚ್ಚಾ? ನಾಕೂ ಐದೂ ಶಾರ್ಟ್ ಮಾಡ್ಬಿಡು. ಊರೋರೆಲ್ಲ ಮಾಡೋದ್ ಅದೇ ತಾನೆ" ಎಂದ ಸೆಲ್ವರಾಜ್. ಅವನು ಹೇಳಿದ್ದು ಸುಳ್ಳಲ್ಲ. ಪೀಣ್ಯದಲ್ಲಿ ಆಗ ಈ ಕಸುಬಿನಲ್ಲಿದ್ದವರೆಲ್ಲ ಮಾಡುತ್ತಿದ್ದದ್ದೇ ಅದು. ಬೋರ್ಡಿನ ಕಡೆಯ ಪ್ಲಗ್ಗಿನೊಳಗೆ ನಾಲ್ಕನೆಯ ಕಾಲಿಗೂ ಐದನೆಯ ಕಾಲಿಗೂ ಬೆರಳುಗುರಿನಷ್ಟು ತಂತಿ ಹಾಕಿ ಬೆಸೆದರೆ ಮುಗಿಯಿತು. ಅಲ್ಲಿಂದ ಮುಂದೆ ಬೋರ್ಡು "ಹೇಳಲೇ?" ಎಂದು ಕೇಳಿದಾಗ ಅದರ ಪ್ರಶ್ನೆಯೇ ತಿರುಗಿ ಬಂದು ಹೂಂ ಎನ್ನುತ್ತದೆ. ಕಥೆ ಹೇಳುವವನೂ ಅವನೇ, ಹೂಂಗುಟ್ಟುವವನೂ ಅವನೇ. ನಾನು ಬೆಸೆದೆ. ಕೆಂಪು ದೀಪ ಆರಿತು, ಪ್ರಿಂಟರು ಕರಕರ ಎಂದು ಹೊಡೆಯಿತು, ಯಜಮಾನರು ಬಂದು ಬೆನ್ನು ತಟ್ಟಿದರು.

ಎಲ್ಲ ಮುಗಿದ ಮೇಲೆ ಮುನಿಯಪ್ಪ ಬೋರ್ಡಿನ ಹತ್ತಿರ ಬಂದು ನಿಂತ. "ಸಾಮಿ, ಇದು ಇಲ್ಲಿಂದ ಕಳಿಸ್ತದೆ. ಅಲ್ಲಿ ತಲುಪ್ತು ಅಂತ ಇದುಕ್ ಎಂಗ್ ಗೊತ್ತಾಯ್ತದೆ?" ಎಂದು ಕೇಳಿದ. ನಾನು ನಕ್ಕೆ. ಅವನು ಬಿಡಲಿಲ್ಲ. "ನಮ್ಮೂರ್ ಟೇಸನ್ನಾಗೆ ನೋಡಿವ್ನಿ. ಮುಂದಿನ್ ಟೇಸನ್ನೋರು ಲೈನ್ ಕಿಲಿಯರ್ ಕೊಡೋಗಂಟ ಗಾಡಿ ಬಿಡಾಕಿಲ್ಲ. ಬೆತ್ತದ್ ಬಳೆ ಕೈಗ್ ಬರೋಗಂಟ ಡ್ರೈವರ್ರು ಅಲ್ಲಾಡಾಕಿಲ್ಲ. ಇದುಕ್ಕೂ ಅಂಗೇ ಏನಾರ ಐತಾ?"

"ಹೂಂ, ಇದೆ. ಅದೆಲ್ಲ ಅದೇ ನೋಡ್ಕೊಳ್ಳುತ್ತೆ, ನೀವು ಯೋಚ್ನೆ ಮಾಡ್ಬೇಡಿ" ಎಂದೆ.

ನನ್ನ ಜೀವನದಲ್ಲಿ ಹೇಳಿದ ಹೂಂಗಳಲ್ಲಿ ಮೊದಲ ನಿಜವಾದ ಸುಳ್ಳು ಅದು. ಒಂದು ವಾರದ ನಂತರ ಬಸ್ಸಿನಲ್ಲಿ ನಿಂತಿದ್ದಾಗ ನನಗೇ ಹೊಳೆಯಿತು: ಪ್ರಿಂಟರಿನಿಂದ ವಾಪಸು ಬರುವ ತಂತಿಯೊಂದು ಗೋಡೆಯೊಳಗೆ ಸುಮ್ಮನೆ ಬಿದ್ದಿದೆ, ಪ್ರಿಂಟರು ಮಾತಾಡುವುದೇ ಇಲ್ಲವಲ್ಲ, ಅದರಲ್ಲೇ ಹೂಂ ತರಿಸಿಕೊಳ್ಳಬಹುದು. ಅರ್ಧ ಗಂಟೆಯ ಕೆಲಸ. ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡೆ, ಕೆಳಗೆ 'ಆಮೇಲೆ' ಎಂದು ಸೇರಿಸಿದೆ. ಹೋಗಿ ಸರಿಮಾಡಿದರೆ ಮೊದಲು ಮಾಡಿದ್ದು ಸರಿಯಿರಲಿಲ್ಲವೇ ಎಂದು ಅವರು ಕೇಳುತ್ತಾರೆ ಎಂಬುದು ನನ್ನ ಸಂಕೋಚ. ಸಂಕೋಚ ಎಂಬ ಪದ ಎಷ್ಟು ಮರ್ಯಾದಸ್ಥವಾಗಿ ಕೇಳಿಸುತ್ತದೆ ನೋಡಿ.

ಬೋರ್ಡು ಬಂದ ಮೇಲೆ ಮುನಿಯಪ್ಪನನ್ನು ಕಿಂಡಿಯಿಂದ ಬಿಡಿಸಿದರು. "ಇನ್ನು ಇಣುಕಿ ನೋಡ್ತಾ ನಿಲ್ಲೋದ್ ಬೇಡ, ಎರಡನೇ ಫರ್ನೇಸಿಗೆ ಲೋಡ್ ಹಾಕು, ಬಜರ್ ಹೊಡೆದ್ರೆ ಮಾತ್ರ ಓಡಿ ಬಾ" ಎಂದು ಸೂಪರ್‌ವೈಸರ್ ಹೇಳಿದ. ಸುಮಾರು ಎರಡು ತಿಂಗಳು ಎಲ್ಲ ಸುಸೂತ್ರ ನಡೆಯಿತು.

ಒಂದು ಬೆಳಿಗ್ಗೆ ನಮ್ಮ ಮಾಲೀಕರು ನನ್ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಆ ಕಾರ್ಖಾನೆಗೆ ಹೋದರು. ಹಿಂದಿನ ದಿನ ಫರ್ನೇಸು ಮಿತಿ ಮೀರಿ ಕಾದಿತ್ತು. ಒಂದಿಡೀ ಲೋಡು ಗೇರು ಚಕ್ರಗಳು ಹಾಳಾಗಿದ್ದವು, ಒಳಗಿನ ಇಟ್ಟಿಗೆ ಬಿರುಕು ಬಿಟ್ಟಿತ್ತು. ಕ್ಯಾಬಿನ್ನಿನಲ್ಲಿ ಯಜಮಾನರು ಕೂತಿದ್ದರು, ಪಕ್ಕದಲ್ಲಿ ಸೂಪರ್‌ವೈಸರ್. ಬಾಗಿಲಿನ ಹತ್ತಿರ ಮುನಿಯಪ್ಪ ಕೈಕಟ್ಟಿ ನಿಂತಿದ್ದ. ಸೂಪರ್‌ವೈಸರ್ ಹೇಳುತ್ತಿದ್ದ: ಬಜರ್ ಹೊಡೆದಿದೆ, ತಾನು ಆಗ ಸ್ಟೋರಿನಲ್ಲಿದ್ದೆ, ಇವನು ಎಲ್ಲೋ ಒರಗಿ ನಿದ್ದೆ ಹೊಡೆದಿದ್ದಾನೆ.

ಯಜಮಾನರು ನನ್ನ ಕಡೆ ತಿರುಗಿದರು. "ಏನ್ರೀ, ನಿಮ್ಮ ಮಿಷಿನ್ನು ವಾರ್ನಿಂಗ್ ಕಳಿಸ್ತೋ ಇಲ್ವೋ? ಅಷ್ಟು ಹೇಳಿ ಸಾಕು."

ಬೋರ್ಡಿನ ನೆನಪಿನಲ್ಲಿ ಅದಕ್ಕೊಂದು ಲೆಕ್ಕವಿತ್ತು. ನಾನು ಹೋಗಿ ಗುಂಡಿ ಒತ್ತಿ ನೋಡಿದೆ. ಹದಿನೇಳು ಎಚ್ಚರಿಕೆ ಕಳಿಸಿದ್ದೇನೆ ಎಂದು ಬೋರ್ಡು ಹೇಳಿತು. ವಾಪಸು ಬರುವಾಗ ಫೋನಿನ ಪಕ್ಕದಲ್ಲಿದ್ದ ಪ್ರಿಂಟರಿನ ಮೇಲೆ ಕಣ್ಣು ಬಿತ್ತು, ಅದು ಇನ್ನೂ ಆಫ್ ಆಗಿಯೇ ಇತ್ತು. ಕಾಗದ ಇನ್ನೂ ಅದರಲ್ಲೇ ಇತ್ತು. ಮಿತಿಯೊಳಗಿನ ಶಾಖದ ಸಾಲುಗಳು ಒಂದರ ಕೆಳಗೊಂದು ಬಂದಿದ್ದವು, ಕೊನೆಯದರ ನಂತರ ಬರೀ ಬಿಳಿ. ಎಚ್ಚರಿಕೆಯ ಒಂದೇ ಒಂದು ಸಾಲೂ ಇರಲಿಲ್ಲ. ನನಗೆ ಅರ್ಥವಾಗಲು ಒಂದು ಕ್ಷಣವೂ ಬೇಕಾಗಲಿಲ್ಲ. ಫೋನಿನಲ್ಲಿ ಮಾತಾಡುವಾಗ ಗಲಾಟೆಯೆಂದು ಸೂಪರ್‌ವೈಸರ್ ಪ್ರಿಂಟರನ್ನು ಆಫ್ ಮಾಡಿ ಮರೆತಿದ್ದಾನೆ. ಬೋರ್ಡು ಹದಿನೇಳು ಸಲ ಕೂಗಿದೆ. ಹದಿನೇಳು ಸಲವೂ ನನ್ನ ಬೆರಳುಗುರಿನಷ್ಟು ತಂತಿ ಹೂಂ ಎಂದಿದೆ. ನಾನು ನೋಡಿದ್ದನ್ನು ಸೂಪರ್‌ವೈಸರ್ ನೋಡಿದ. ಎದ್ದು ಬಂದು ಆ ಕಾಗದವನ್ನು ಹರಿದು, ಮಡಿಸಿ, ಡ್ರಾಯರಿಗೆ ಹಾಕಿಕೊಂಡ.

"ಸಾಮಿ, ಬಜರ್ ಒಡೀಲಿಲ್ಲ. ನನ್ ಮಗ್ಳ ಆಣೆ. ನೀವೇ ಏಳಿ ಸಾಮಿ" ಎಂದ ಮುನಿಯಪ್ಪ.

ನಾನು ಹೇಳಬೇಕಾಗಿದ್ದದ್ದು ಇಷ್ಟೇ: ಕಳಿಸಿದೆ, ಆದರೆ ತಲುಪಿಲ್ಲ, ತಲುಪಿತೋ ಇಲ್ಲವೋ ಎಂದು ಕೇಳುವ ದಾರಿಯನ್ನು ನಾನೇ ಮುಚ್ಚಿದ್ದೆ. ನಮ್ಮ ಮಾಲೀಕರು ಪಕ್ಕದಲ್ಲೇ ನಿಂತಿದ್ದರು. ನನ್ನ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ, ಮದುವೆ ಗೊತ್ತಾಗಿತ್ತು. ಇವೆಲ್ಲ ನಾನು ಆಮೇಲೆ ಕಟ್ಟಿಕೊಂಡ ಕಾರಣಗಳು. ಆ ಹೊತ್ತಿನಲ್ಲಿ ಇದ್ದದ್ದು ಬರೀ ಹೆದರಿಕೆ.

"ಹೂಂ, ಕಳಿಸಿದೆ ಸಾರ್. ಹದಿನೇಳು ಸಲ" ಎಂದೆ.

ಒಂದಕ್ಷರವೂ ಸುಳ್ಳಿಲ್ಲದ ಮಾತು. ಮುನಿಯಪ್ಪ ನನ್ನನ್ನೇ ನೋಡಿದ. ಅವನ ಮುಖದಲ್ಲಿ ಸಿಟ್ಟು ಬರುತ್ತದೆಂದು ಕಾದೆ, ಬರಲಿಲ್ಲ. "ಮಿಷಿನ್ನು ಸುಳ್ಳೇಳಾಕಿಲ್ವಲ್ಲ..." ಎಂದು ತನಗೆ ತಾನೇ ಎಂಬಂತೆ ಅಂದು ತಲೆ ತಗ್ಗಿಸಿದ. ಮಧ್ಯಾಹ್ನದೊಳಗೆ ಅವನನ್ನು ಕೆಲಸದಿಂದ ತೆಗೆದರು.

ಪೀಣ್ಯ ದೊಡ್ಡದಾದರೂ ಫರ್ನೇಸಿನವರ ಊರು ಚಿಕ್ಕದು. ನಿದ್ದೆ ಹೊಡೆದು ಫರ್ನೇಸು ಕೆಡಿಸಿದವನು ಎಂಬ ಹೆಸರು ಅವನಿಗಿಂತ ಮೊದಲೇ ಎಲ್ಲ ಗೇಟುಗಳನ್ನು ತಲುಪಿತು. ಯಾರೂ ಕೆಲಸ ಕೊಡಲಿಲ್ಲ. ಗೊರಗುಂಟೆಪಾಳ್ಯದಲ್ಲಿ ಲಾರಿಗೆ ಮೂಟೆ ಹೊರುತ್ತಿದ್ದಾನೆ ಎಂದು ಒಂದು ದಿನ ಸೆಲ್ವರಾಜ್ ಹೇಳಿದ. ನಾನು ಹೂಂ ಎಂದೆ. ಅವತ್ತಿನಿಂದ, ಪೇಟೆಗೆ ಹೋಗುವಾಗ ಗೊರಗುಂಟೆಪಾಳ್ಯದಲ್ಲಿ ಬಸ್ಸು ನಿಂತಾಗಲೆಲ್ಲ, ಲಾರಿಗಳು ನಿಲ್ಲುವ ಕಡೆ ಬಿಟ್ಟು ಇನ್ನೊಂದು ಕಡೆಯ ಕಿಟಕಿಯತ್ತ ನೋಡುವ ಅಭ್ಯಾಸ ಮಾಡಿಕೊಂಡೆ. ಆ ಕಾರ್ಖಾನೆಯ ಬೋರ್ಡಿಗೆ ಮಾತ್ರ ಬೇಗನೆ ಹೋಗಿ, ಸುಮ್ಮನೆ ಬಿದ್ದಿದ್ದ ಆ ವಾಪಸು ತಂತಿಯನ್ನು ಸರಿಯಾಗಿ ಜೋಡಿಸಿ ಬಂದೆ. ಅರ್ಧ ಗಂಟೆಯೂ ಹಿಡಿಯಲಿಲ್ಲ. ಏನು ಮಾಡುತ್ತಿದ್ದೀರಿ ಎಂದು ಅಲ್ಲಿ ಯಾರೂ ಕೇಳಲೂ ಇಲ್ಲ.

ಐದು ವರ್ಷ ಕಳೆಯಿತು. ನಾನು ಆ ಶೆಡ್ಡು ಬಿಟ್ಟು ಆರ್.ಟಿ. ನಗರದ ಒಂದು ಆಫೀಸಿಗೆ ಸೇರಿದೆ, ಮನೆ ಮಾತ್ರ ದಾಸರಹಳ್ಳಿಯಲ್ಲೇ ಉಳಿಯಿತು. ಮದುವೆಯಾಯಿತು, ಎಮ್ಮೆಯ ಕಥೆ ಹುಟ್ಟಿತು. ಕಳೆದ ಬೇಸಿಗೆಯಲ್ಲಿ ಊರಿಗೆ ಹೊರಟಿದ್ದೆವು. ಯಶವಂತಪುರ ಬಿಟ್ಟ ಗಾಡಿ ಚಿಕ್ಕಬಾಣಾವರಕ್ಕೆ ಬಂದು ನಿಂತದ್ದು ನಿಂತೇ ಇತ್ತು. "ಯಾಕ್ರೀ ಬಿಡ್ತಿಲ್ಲ?" ಎಂದು ಸರೋಜ ಕೇಳಿದಳು. ಮುಂದಿನ ಸ್ಟೇಷನ್ನಿನವರು ಲೈನ್ ಕ್ಲಿಯರ್ ಕೊಡುವ ತನಕ ಬಿಡುವುದಿಲ್ಲ ಎಂದೆ. ಹೇಳುತ್ತಿದ್ದಂತೆ ಅದು ನನ್ನ ಮಾತಲ್ಲ ಎಂದು ನೆನಪಾಯಿತು. ಪ್ಲಾಟ್‌ಫಾರ್ಮಿನ ಮೇಲೆ ಒಬ್ಬಾತ ಬೆತ್ತದ ಬಳೆಯನ್ನು ಹೆಗಲಿಗೆ ಹಾಕಿಕೊಂಡು ಇಂಜಿನ್ನಿನ ಕಡೆ ನಡೆದು ಹೋಗುತ್ತಿದ್ದ. ಯಾಕೋ ತಡೆಯಲಾಗದೆ ಸರೋಜಳಿಗೆ ಎಲ್ಲವನ್ನೂ ಹೇಳಿದೆ, ಮೊದಲ ಸಲ. ಅವಳು ನಡುವೆ ಒಂದು ಸಲವೂ ಹೂಂ ಅನ್ನಲಿಲ್ಲ. ಮುಗಿದ ಮೇಲೆ ಕಿಟಕಿಯ ಹೊರಗೆ ನೋಡಿ, "ಇದೇ ಅಲ್ವಾ ಅವ್ರ ಊರು?" ಎಂದು ಮಾತ್ರ ಕೇಳಿದಳು.

ಊರಿಂದ ಬಂದ ಮೊದಲ ಭಾನುವಾರ ಹೋದೆ. ರೈಲ್ವೆ ಗೇಟಿನ ಆಚೆ ಹೆಂಚಿನ ಮನೆ. ಜಗಲಿಯ ಮೇಲೆ ಮುನಿಯಪ್ಪ ಮತ್ತು ಅವನ ಹೆಂಡತಿ ಮಂಕರಿ ಮುಂದಿಟ್ಟುಕೊಂಡು ಕನಕಾಂಬರ ಕಟ್ಟುತ್ತಿದ್ದರು. ಅವನು ದಾರ ನೋಡದೆ ಕಟ್ಟುತ್ತಿದ್ದ. ಹತ್ತಿರ ಹೋದ ಮೇಲೆ ಕಂಡಿತು, ಎರಡೂ ಕಣ್ಣಿಗೆ ಬೆಳ್ಳಗೆ ಪೊರೆ ಬಂದಿತ್ತು. ಅಷ್ಟು ವರ್ಷ ಬೆಂಕಿ ನೋಡಿದ ಕಣ್ಣು. ಮುನಿಯಪ್ಪ ಎಂದು ಕರೆದೆ. ಕೈ ನಿಲ್ಲಿಸಿ ಕತ್ತು ವಾಲಿಸಿದ. "ಮಿಷಿನ್ ಸಾಮಿ ಅಲ್ವಾ? ಬನ್ನಿ ಬನ್ನಿ, ಕೂತ್ಕಳಿ" ಎಂದ. ಅವನ ದನಿಯಲ್ಲಿ ಸಂತೋಷವೇ ಇತ್ತು. ನನಗೆ ಅಲ್ಲಿಂದಲೇ ತಿರುಗಿ ಓಡಬೇಕೆನಿಸಿತು.

ಕೂತು ಹೇಳಿದೆ. ಮೂರು ತಂತಿ, ನಾಲ್ಕನೆಯ ಕಾಲು, ಐದನೆಯ ಕಾಲು, ಬೆಸುಗೆ, ಆಫ್ ಆಗಿದ್ದ ಪ್ರಿಂಟರು, ಡ್ರಾಯರಿಗೆ ಹೋದ ಕಾಗದ. ಮುನಿಯಪ್ಪ ಪ್ರತಿ ಮಾತಿಗೂ "ಊಂ" ಎನ್ನುತ್ತಿದ್ದ. ನನ್ನ ಹೂಂನಂಥದ್ದಲ್ಲ ಅದು. ನಾನು ತಡವರಿಸಿದಲ್ಲಿ ಅವನ ಊಂ ಕೂಡ ನಿಂತು ಕಾಯುತ್ತಿತ್ತು. ಮುಗಿಸಿದ ಮೇಲೆ ಮಂಕರಿಯಿಂದ ಒಂದು ಹೂವು ಎತ್ತಿಕೊಂಡ.

"ಅಂಗಾರೆ ಬಜರ್ ಒಡೀಲಿಲ್ಲ" ಎಂದ ಕೊನೆಗೆ.

"ಇಲ್ಲ."

"ನಾನ್ ನಿದ್ದೆ ಮಾಡಿರ್ಲಿಲ್ಲ."

"ಇಲ್ಲ ಮುನಿಯಪ್ಪ. ಮಾಡಿರ್ಲಿಲ್ಲ."

ಅವನು ಕೈಯಲ್ಲಿದ್ದ ಹೂವನ್ನು ಮಂಕರಿಗೆ ಹಾಕಿದ. "ಕಣ್ ಮುಚ್ಚಿರ್ಲಿಲ್ಲ ಅಂತ ನಂಗ್ ಗೊತ್ತಿತ್ತು ಸಾಮಿ. ಆದ್ರೆ ಮಿಷಿನ್ನು ಅದಿನೇಳ್ ಸಲ ಕಳ್ಸೈತೆ ಅಂತ ನೀವೇ ಏಳುದ್ರಲ್ಲ. ನಿಂತ್ಕಂಡೇ ನಿದ್ದೆ ಮಾಡ್ಬುಟ್ನೋ ಏನೋ ಅಂದ್ಕಂಡೆ. ಮನ್ಸ ಅಲ್ವಾ, ಮಾಡಿದ್ರೂ ಮಾಡಿರ್ಬೌದು ಅಂತ. ಐದ್ ವರ್ಸ ಅಂಗೇ ಅಂದ್ಕಂಡಿವ್ನಿ."

ಬಣ್ಣ ನೋಡಿ ಡಿಗ್ರಿ ಹೇಳುತ್ತಿದ್ದ ಮನುಷ್ಯ ತನ್ನ ಕಿವಿಯನ್ನೇ ನಂಬದೆ ಐದು ವರ್ಷ ಬದುಕಿದ್ದ. ಅವನ ಕೆಲಸ ಹೋಯಿತು, ಹೆಸರು ಕೆಟ್ಟಿತು ಎಂದು ನಾನು ಅಳೆದಿದ್ದೆ. ಇದು ನನ್ನ ಲೆಕ್ಕದಲ್ಲೇ ಇರಲಿಲ್ಲ. ನಾಚಿಕೆಯಿಂದ ನನ್ನ ಕಣ್ಣು ತುಂಬಿತು, ಅವನಿಗೆ ಕಾಣಿಸುವುದಿಲ್ಲವಲ್ಲ ಎಂದು ಒಂದು ಕ್ಷಣ ಹಗುರವೂ ಆಯಿತು. ಆ ಹಗುರಕ್ಕೆ ಮತ್ತೆ ನಾಚಿಕೆಯಾಯಿತು.

"ಇನ್ನೊಂದ್ ಕಿತ ಏಳಿ ಸಾಮಿ" ಎಂದ. "ಲೇ, ಕೈ ನಿಲ್ಸು. ನೀನೂ ಕೇಳು."

ಅವನ ಹೆಂಡತಿ ಕೈ ನಿಲ್ಲಿಸಿದಳು. ನಾನು ಮೊದಲಿನಿಂದ ಮತ್ತೆ ಹೇಳಿದೆ. ಈ ಸಲ ಅವನು ಊಂ ಅನ್ನಲಿಲ್ಲ. ಅವಳು ನನ್ನನ್ನು ನೋಡದೆ ಅವನ ಮುಖವನ್ನೇ ನೋಡುತ್ತಿದ್ದಳು. ಮುಗಿದಾಗ ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದಳು, ಮತ್ತೆ ಹೊರಗೆ ಬರಲಿಲ್ಲ.

ಹೊರಡಲು ಎದ್ದಾಗ ಮುನಿಯಪ್ಪ ನನ್ನ ಕೈ ಹುಡುಕಿ ಹಿಡಿದುಕೊಂಡ. "ಯಜಮಾನ್ರಿಗೂ ಇದ್ನ ಏಳ್ತೀರಾ ಸಾಮಿ? ನಂಗ್ ಕೆಲ್ಸ ಬ್ಯಾಡ, ಈ ಕಣ್ಣಾಗ್ ಏನ್ ಕೆಲ್ಸ. ಮುನಿಯಪ್ಪ ನಿದ್ದೆ ಮಾಡಿರ್ಲಿಲ್ಲ ಅಂತ, ಅಷ್ಟ್ ಏಳ್ಬುಡಿ."

"ಹೂಂ" ಎಂದೆ.

ಇದಾಗಿ ಐದು ತಿಂಗಳಾಯಿತು. ಆ ಕಾರ್ಖಾನೆ ನನ್ನ ಬಸ್ಸಿನ ದಾರಿಯಲ್ಲೇ ಇದೆ, ದಿನಕ್ಕೆ ಎರಡು ಸಲ ಸಿಗುತ್ತದೆ. ಎದುರಿಗೇ ಸ್ಟಾಪು. ಗೇಟು ಯಾವಾಗಲೂ ತೆರೆದಿರುತ್ತದೆ, ಯಜಮಾನರ ಬಿಳಿ ಕಾರು ಬೇವಿನ ಮರದಡಿ ನಿಂತಿರುತ್ತದೆ. ಸ್ಟಾಪು ಹತ್ತಿರ ಬಂದಾಗ ಒಮ್ಮೊಮ್ಮೆ ಎದ್ದು ನಿಲ್ಲುತ್ತೇನೆ. ಕಂಡಕ್ಟರು "ಇಳೀತೀರಾ?" ಎನ್ನುತ್ತಾನೆ. ಹಿಂದಿನವರು ದಾರಿ ಬಿಡುತ್ತಾರೆ. ನಾನು ಬ್ಯಾಗನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡು ಮತ್ತೆ ಕೂರುತ್ತೇನೆ.

ಸಂಜೆ ಮನೆಗೆ ಬಂದಾಗ ಸರೋಜ ಬಾಗಿಲು ತೆರೆದು, "ಇವತ್ತು ಇಳಿದ್ರಾ?" ಎಂದು ಕೇಳುತ್ತಾಳೆ. ಎಮ್ಮೆ ಕಾಫಿ ಕುಡಿಯುತ್ತಿದೆ ಎಂದರೂ ಹೂಂ ಎಂದವನು ನಾನು, ಈ ಒಂದು ಮಾತಿಗೆ ಮಾತ್ರ ನನ್ನ ಮೂಗಿನಿಂದ ಸದ್ದು ಹೊರಡುವುದಿಲ್ಲ. ಚಪ್ಪಲಿ ಬಿಚ್ಚುವ ನೆಪದಲ್ಲಿ ಬಗ್ಗಿ, ಇಲ್ಲದ ಗಂಟನ್ನು ಬಿಡಿಸುತ್ತ ಕೂರುತ್ತೇನೆ. ಅವಳು ಮತ್ತೊಮ್ಮೆ ಕೇಳುವುದಿಲ್ಲ, ಒಳಗೂ ಹೋಗುವುದಿಲ್ಲ. ಬಾಗಿಲಿನಲ್ಲೇ ನಿಂತು ಕಾಯುತ್ತಾಳೆ.